ಆಟಿಯಲ್ಲಿ ಬೂತ್ ಎಷ್ಟು ದೂರ?

ಬೆಳಿಗ್ಗೆ ಆರೂವರೆ. ಕಡಬ ತಾಲೂಕಿನ ಸವಣೂರಿನಿಂದ ಒಳಗೆ, ಪೊಯ್ಯೆಬೈಲಿನ ಹೊಳೆಯ ದಂಡೆಯಲ್ಲಿ ಶಮೀನಾ ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಪ್ಲಾಸ್ಟಿಕ್ ಹೊದಿಸಿದ ನಕ್ಷೆಯನ್ನು ಮತ್ತೊಮ್ಮೆ ನೋಡುತ್ತಿದ್ದಾರೆ. ಹೊಳೆ ಕೆಂಪಾಗಿ ದಂಡೆ ಮುಟ್ಟಿ ಹರಿಯುತ್ತಿದೆ. "ಇವತ್ತೊಂದು ದಿನ ನೀರು ಇಳಿಯದಿದ್ರೆ ಸಾಕು," ಎನ್ನುತ್ತಾರೆ. ಆಟಿ ತಿಂಗಳ ಮಳೆಯಲ್ಲಿ ಹೀಗೆ ಬೇಡಿಕೊಳ್ಳುವವರು ಊರಿಗೆ ಇವರೊಬ್ಬರೇ ಇರಬೇಕು. ಒಂಬತ್ತು ಗಂಟೆಗೆ ಮತಕ್ಷೇತ್ರದ ಗಡಿ ಪರಿಶೀಲಿಸುವ ಅಧಿಕಾರಿ ಬರುತ್ತಾರೆ.

ಶಮೀನಾರಿಗೆ ನಲವತ್ತೊಂದು ವರ್ಷ. ಅಂಗನವಾಡಿ ಕಾರ್ಯಕರ್ತೆ, ಜೊತೆಗೆ ಹನ್ನೊಂದು ವರ್ಷದಿಂದ ಬಿಎಲ್‌ಒ, ಅಂದರೆ ಮನೆಮನೆಗೆ ನಡೆದು ಮತದಾರರ ಪಟ್ಟಿ ಸರಿಪಡಿಸುವವರು. ಅವರ ಮಾತು ಒಂದು ಅಂಗಳದಲ್ಲಿ ಬ್ಯಾರಿ, ಮುಂದಿನದರಲ್ಲಿ ತುಳು, ಗುಡ್ಡ ಹತ್ತಿದರೆ ಅರೆಭಾಷೆ.

ರಾಜ್ಯದ ವಿಧಾನಸಭಾ ಕ್ಷೇತ್ರಗಳ ಸಂಖ್ಯೆ ಹೆಚ್ಚಿಸುವ ಕರಡು ಹೊರಬಿದ್ದ ದಿನ, ಇನ್ನು ಕಡಬಕ್ಕೇ ಒಬ್ಬ ಶಾಸಕ ಎಂದು ಪೇಟೆಯಲ್ಲಿ ಪಟಾಕಿ ಸಿಡಿದಿತ್ತು. ಶಮೀನಾ ಮಾತ್ರ ಪುಟ ತಿರುವುತ್ತ ತಮ್ಮ ಬೈಲನ್ನು ಹುಡುಕಿದರು. ಸಿಕ್ಕಿದ್ದು ಬೇರೆ ಪುಟದಲ್ಲಿ. ಬೈಲಿನ ನಲವತ್ತಾರು ಮನೆಗಳು ಕಡಬದ ಬದಲು ಪುತ್ತೂರು ಕ್ಷೇತ್ರಕ್ಕೆ ಸೇರಿದ್ದವು. ಮತ ಹಾಕಲು ಹೊಳೆಯಾಚೆಯ ಶಾಲೆಗೆ ಹೋಗಬೇಕು.

ತಪ್ಪು ಊರಿನವರದೇ. ಮಾರ್ಚ್‌ನಲ್ಲಿ ಅಳೆಯಲು ಬಂದವರು ಆ ಶಾಲೆ ಎಷ್ಟು ದೂರ ಎಂದು ಕೇಳಿದ್ದರು. ಆಗ ಹೊಳೆಯಲ್ಲಿ ಬರೀ ಮರಳು.

"ನಾನೇ ಹೇಳಿದ್ದು ಮಾರಾಯ್ತಿ, ಇಲ್ಲೇ, ಎರಡು ಹೆಜ್ಜೆ ಅಂತ," ಎಂದು ಎಪ್ಪತ್ತು ದಾಟಿದ ದುಗ್ಗಮ್ಮ ನಗುತ್ತಾರೆ. "ಬಂದವರತ್ರ ದೂರ ಅಂದ್ರೆ ನಮ್ಮ ಊರಿಗೆಂತ ಮರ್ಯಾದೆ ಉಂಟು?"

ಆಕ್ಷೇಪಣೆಗೆ ಇದ್ದದ್ದು ಹದಿನೈದು ದಿನ. ಶಮೀನಾ ಮತ್ತೆ ಎಲ್ಲ ಮನೆಗೂ ಹೋದರು, ಆದರೆ ಪ್ರಶ್ನೆ ಬದಲಿಸಿ. ಆಟಿಯಲ್ಲಿ ಎಷ್ಟು ದೂರ? ಎಷ್ಟು ಬಸ್ಸು? ಆಗ ನಿಜ ಹೊರಬಂತು: ಸುತ್ತಿ ಹೋದರೆ ಹದಿಮೂರು ಕಿಲೋಮೀಟರ್, ಎರಡು ಬಸ್ಸು, ಅರ್ಧ ದಿನ. ನೂರ ಎಪ್ಪತ್ತೊಂದು ಮತದಾರರಲ್ಲಿ ತೊಂಬತ್ತೆಂಟು ಹೆಂಗಸರು. ಇದನ್ನೆಲ್ಲ ಬರೆದು, ಊರವರ ಸಹಿ ಹಾಕಿಸಿ ಆಕ್ಷೇಪಣೆ ಸಲ್ಲಿಸಿದರು. "ಗಂಡಸರು ಬೈಕಲ್ಲಿ ಹೋಗ್ತಾರೆ. ಹೆಂಗಸರು ಬಿಟ್ಟೇ ಬಿಡುದು, ಯಾರತ್ರ ಕೇಳುದು ಅಂತ," ಎನ್ನುತ್ತಾರೆ ಶಮೀನಾ.

ಒಂಬತ್ತೂಕಾಲಿಗೆ ಜೀಪು ಬರುತ್ತದೆ. ದಂಡೆಯಲ್ಲಿ ಆಗಲೇ ಮೂವತ್ತು ಕೊಡೆಗಳು. ಅಧಿಕಾರಿ ಕಡತ ನೋಡಿ ಹುಬ್ಬು ಗಂಟಿಕ್ಕುತ್ತಾರೆ. "ಶಾಲೆ ಹತ್ತಿರ ಅಂತ ನೀವೇ ಹೇಳಿದ್ದೀರಲ್ಲ?"

ದುಗ್ಗಮ್ಮ ಮುಂದೆ ಬಂದು, ಭೋರ್ಗರೆಯುವ ನೀರಿನತ್ತ ಕೈ ಚಾಚುತ್ತಾರೆ. "ಹೌದು ಸಾರ್. ಎರಡೇ ಹೆಜ್ಜೆ. ನೀವು ಮುಂದೆ ಹೋಗಿ, ನಾವು ಹಿಂದೆ ಬರ್ತೇವೆ."

ಕೊಡೆಗಳೆಲ್ಲ ಕುಲುಕುವಷ್ಟು ನಗು. ಅಧಿಕಾರಿಯೂ ನಗುತ್ತಾರೆ. ಶಮೀನಾ ಮಾತ್ರ ನಗುವುದಿಲ್ಲ. ನಕ್ಷೆ ಬಿಡಿಸಿ ಮಳೆಗಾಲದ ದಾರಿಯ ಮೇಲೆ ಬೆರಳಿಡುತ್ತಾರೆ. ಅಧಿಕಾರಿ ಅದನ್ನು ನೋಡಿ, ಬೊನೆಟ್ ಮೇಲೆ ಕಾಗದವಿಟ್ಟು ಬರೆದು, ಗಟ್ಟಿಯಾಗಿ ಓದುತ್ತಾರೆ: ನಲವತ್ತಾರೂ ಮನೆಗಳನ್ನು ಕಡಬ ಕ್ಷೇತ್ರಕ್ಕೇ ಸೇರಿಸಲು, ಬೂತನ್ನು ಈಚೆ ದಂಡೆಯ ಅಂಗನವಾಡಿಯಲ್ಲಿ ತೆರೆಯಲು ಶಿಫಾರಸು. ಅಂತಿಮ ಆದೇಶ ಇನ್ನೂ ಬರಬೇಕು. ದಂಡೆಯಲ್ಲಿ ಮಾತ್ರ ಆಗಲೇ ಗೆದ್ದ ಗಲಾಟೆ.

ಜೀಪು ಮರೆಯಾದ ಮೇಲೆ ಶಮೀನಾ ಒದ್ದೆ ಕಲ್ಲಿನ ಮೇಲೆ ಕೂತುಬಿಡುತ್ತಾರೆ. ಕುಂಬ್ರದಿಂದ ಮದುವೆಯಾಗಿ ಬಂದ ಮೊದಲ ಆರು ವರ್ಷ ಅವರು ಮತ ಹಾಕಿರಲೇ ಇಲ್ಲವಂತೆ. ಆಗಿನ ಬೂತೂ ದೂರ, ಗಂಡ ದುಬೈಯಲ್ಲಿ, ಕರೆದುಕೊಂಡು ಹೋಗು ಎಂದು ಮೈದುನನ ಬಳಿ ಕೇಳಲು ನಾಚಿಕೆ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

"ಯಾರು ಗೆಲ್ತಾರೆ, ನಂಗೆ ಗೊತ್ತಿಲ್ಲ," ಎನ್ನುತ್ತಾರೆ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ಆ ದಿನ ಈ ಬೈಲಿನ ಹೆಂಗಸರು ಒಲೆ ಮೇಲೆ ಅನ್ನ ಇಟ್ಟು, ಅದು ಬೇಯುವುದರೊಳಗೆ ಹೋಗಿ ಓಟು ಹಾಕಿ ಬರ್ಬೇಕು. ಒಬ್ಬೊಬ್ಬರೇ. ಅಷ್ಟೇ ನಂಗೆ ಬೇಕಾದ್ದು."