ಕೊಸರಿಗೆ ಬಂದ ಹಿಮಯಂತ್ರ

ಹಳೇ ಸಾಮಾನು ಕೊಳ್ಳುವಾಗ ಮಾಲೀಕನ ಮುಖ ನೋಡಬಾರದು, ಅವನ ವಿಮಾನ ಎಂದು ಹೊರಡುತ್ತದೆ ನೋಡಬೇಕು. ನೈರೋಬಿಗೆ ಹೊಸದಾಗಿ ಬಂದ ನಮ್ಮವರಿಗೆ ನಾನು ಹೇಳುವ ಮೊದಲ ಬುದ್ಧಿಮಾತು ಇದು. ರುಂಡಾದ ದೊಡ್ಡ ಮನೆಗಳ ವಿದೇಶದವರು ಊರು ಬಿಡುವಾಗ ಸಾಮಾನನ್ನೆಲ್ಲ ಅಂಗಳದಲ್ಲಿ ಹರಡಿ ಮಾರುತ್ತಾರೆ. ಬೆಳಿಗ್ಗೆ ಹೋಗಬೇಡಿ, ಸಂಜೆ ಹೋಗಿ. ಅಷ್ಟೊತ್ತಿಗೆ ಅವರಿಗೆ ದುಡ್ಡಿಗಿಂತ ಮನೆ ಖಾಲಿಯಾದರೆ ಸಾಕು ಅನ್ನಿಸಿರುತ್ತದೆ.

ಹಾಗೆ ಒಂದು ಸಂಜೆ ಊಟದ ಮೇಜಿನ ಚೌಕಾಸಿ ಮುಗಿಸಿ, ಸೊಪ್ಪಿನವಳ ಹತ್ತಿರ ಕೇಳುವ ಹಾಗೆ, ಅಭ್ಯಾಸಬಲದಿಂದ ಕೊಸರು ಕೇಳಿದೆ. ಮಾಲೀಕ ಕೆನಡಾದವನು, ಕೊಸರು ಅಂದರೆ ಏನು ಅಂತ ವಿವರಿಸಬೇಕಾಯಿತು. ತಿಳಿದದ್ದೇ ಅವನ ಮುಖ ಅರಳಿತು. ಗ್ಯಾರೇಜಿಗೆ ಕರೆದೊಯ್ದು, ಧೂಳು ಹಿಡಿದ ಕಿತ್ತಳೆ ಬಣ್ಣದ ಯಂತ್ರ ತೋರಿಸಿ, "ಇದು ನಿನ್ನದು" ಅಂದ. ಸ್ನೋ ಬ್ಲೋವರ್! ಅವನ ಊರಿನಲ್ಲಿ ಮನೆ ಮುಂದೆ ಬಿದ್ದ ಹಿಮವನ್ನು ಬಾಚಿ, ಮೇಲಿನ ಕೊಳವೆಯಿಂದ ದೂರಕ್ಕೆ ಎಸೆಯುವಂಥದ್ದು. ಸಾಮಾನು ಕಟ್ಟಿದವರು ವಿಚಾರಿಸದೆ ಕಂಟೇನರಿಗೆ ತುಂಬಿ ಇಲ್ಲಿಗೆ ಕಳಿಸಿಬಿಟ್ಟಿದ್ದರಂತೆ.

ನನಗೆ ಹಿಮದ ಗೊಡವೆ ಯಾಕೆ? ಅದರಲ್ಲಿ ಗಟ್ಟಿ ಪೆಟ್ರೋಲ್ ಎಂಜಿನ್ ಇತ್ತು. ಕೆಟ್ಟು ನಿಂತ ಯಂತ್ರ ಗುಜರಿ, ಓಡಿದರೆ ಅದೇ ಆಸ್ತಿ, ಒಳ್ಳೇ ಬೆಲೆಗೆ ಮಾರಬಹುದು. ನಾಲ್ಕು ಜನರ ಕೈಲಿ ಎತ್ತಿಸಿ ಲೊರೆಶೋದ ನಮ್ಮ ಮನೆಗೆ ತಂದು ಗ್ಯಾರೇಜಿನಲ್ಲಿ ಇಳಿಸಿದೆ.

ಹೆಂಡತಿ ಒಂದು ಸುತ್ತು ಹಾಕಿ ನೋಡಿದಳು. "ಏನ್ರೀ ಇದು?"

"ಹಿಮ ತೆಗೆಯೋ ಮಷೀನು."

"ನಮ್ಮನೇಲಿ ಹಿಮ ಇರೋದು ಫ್ರಿಜ್ಜಿನ ಮೇಲಿನ ಅರೆಯಲ್ಲಿ. ಅದರೊಳಗೆ ಹಿಡಿಸುತ್ತಾ?"

ಅವಳ ಸಿಟ್ಟಿಗೆ ಕಾರಣವಿತ್ತು. ಬರುವ ಶನಿವಾರದಿಂದ ಅದೇ ಗ್ಯಾರೇಜಿನಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಪಾಠ ಶುರುಮಾಡುವವಳಿದ್ದಳು. ಇಲ್ಲಿ ಬೆಳೆದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಪ್ಪರ್ ಹಿಲ್ಲಿನಲ್ಲಿ ಕೆಲಸ ಮಾಡುವ ನಮ್ಮ ಮಗಳೂ ಹಾಗೇ ಆದಳು. ಅದು ಹೆಂಡತಿಗೆ ಒಳಗೇ ಚುಚ್ಚುತ್ತಿತ್ತು. ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿ ಬಂದಿದ್ದಳು.

"ಶನಿವಾರ ಜಾಗ ಇಲ್ಲ ಅಂದ್ರೆ ಎಲ್ಲರೂ ಈಜು ಕಲಿಯೋಕೆ ಹೋಗಿಬಿಡ್ತಾರೆ. ಆಮೇಲೆ ಒಂದು ಮಗೂನೂ ಸಿಗಲ್ಲ."

"ಅಷ್ಟರೊಳಗೆ ಓಡಿಸ್ಕೊಂಡೇ ಹೊರಗೆ ತರ್ತೀನಿ" ಅಂದೆ. ತಳ್ಳಿ ತರುವ ಮಾತೇ ಇರಲಿಲ್ಲ. ಚಕ್ರಗಳು ತುಕ್ಕು ಹಿಡಿದು ಕೂತಿದ್ದವು.

ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲು ಹಳಸಿ ವಾರ್ನಿಶ್ ಥರ ಅಂಟಾಗಿತ್ತು. ಯಾವ ಯಂತ್ರವನ್ನೇ ಆಗಲಿ ಎತ್ತಿಡುವ ಮುಂಚೆ ಪೆಟ್ರೋಲ್ ಬಸಿದುಬಿಡಿ. ಕಾರ್ಬುರೇಟರ್ ಬಿಚ್ಚಿ ತೊಳೆದು, ಅದರ ಸಣ್ಣ ತೂತನ್ನು ಪಾತ್ರೆ ತಿಕ್ಕುವ ಸ್ಟೀಲ್ ನಾರಿನ ಎಳೆಯಿಂದ ಬಿಡಿಸಿದೆ. ಬೆಲ್ಟು ಬಿರುಕು ಬಿಟ್ಟಿತ್ತು. ಜೋಳದ ಹಿಟ್ಟಿನ ಗಿರಣಿಗೆ ಬಿಡಿಭಾಗ ಮಾರುವ ಅಂಗಡಿಗೆ ಹೋದೆ.

"ಯಾವ ಮಷೀನಿಗೆ, ಮ್ಜೀ?" ಅಂದ ಅಂಗಡಿಯವನು. ವಯಸ್ಸಾದವರನ್ನು ಇಲ್ಲಿ ಮರ್ಯಾದೆಯಿಂದ ಕರೆಯುವುದೇ ಹಾಗೆ.

"ಹಿಮ ಎಸೆಯೋದಕ್ಕೆ."

ಅವನು ಪಕ್ಕದಂಗಡಿಯವರನ್ನೆಲ್ಲ ಕೂಗಿದ. "ಬನ್ರೋ, ಈ ಇಂಡಿಯಾದ ಮ್ಜೀ ಕೀನ್ಯಾ ಪರ್ವತ ಗುಡಿಸೋಕೆ ಹೊರಟಿದ್ದಾರೆ!"

ನಗಲಿ ಬಿಡಿ. ನಗುತ್ತಿರುವವನ ಜೊತೆ ಚೌಕಾಸಿ ಸುಲಭ. ಬೆಲ್ಟು ನಾನು ಹೇಳಿದ ಬೆಲೆಗೇ ಬಂತು.

ಶನಿವಾರ ಬೆಳಿಗ್ಗೆ ಚಕ್ರಗಳೂ ಸಡಿಲವಾದವು. ಹೆಂಡತಿ ಉಳಿದರ್ಧ ಜಾಗದಲ್ಲಿ, ಯಂತ್ರದ ಮುಂದೆಯೇ, ಹೊಸ ಹುಲ್ಲಿನ ಚಾಪೆ ಹಾಸಿ ಮಕ್ಕಳನ್ನು ಕರೆಯಲು ಗೇಟಿಗೆ ಹೋದಳು. ನಾನು ಹಗ್ಗ ಎಳೆದೆ. ಕೆಮ್ಮಿತು. ಮತ್ತೆ ಎಳೆದೆ. ಗುಡುಗಿತು! ಆ ಖುಷಿಯಲ್ಲಿ ಹಿಂದಕ್ಕೆ ಚಲಿಸುವ ಗೇರು ಎಂದುಕೊಂಡು ಒಂದು ಹಿಡಿಕೆ ಒತ್ತಿದೆ. ಯಂತ್ರ ಮುಂದಕ್ಕೆ ನುಗ್ಗಿ ಚಾಪೆಯನ್ನು ಬಾಯಿಗೆ ಹಾಕಿಕೊಂಡಿತು. ಮರುಕ್ಷಣ ಚಾಪೆಯೆಲ್ಲ ಚೂರುಚೂರಾಗಿ, ಬಾಗಿಲ ಕಡೆ ತಿರುಗಿದ್ದ ಕೊಳವೆಯಿಂದ ಹಾರಿ, ಗೇಟಿನ ಹತ್ತಿರ ನಿಂತವರ ತಲೆಯ ಮೇಲೆ ಮೆಲ್ಲಗೆ ಉದುರಿತು. ನೈರೋಬಿಯಲ್ಲಿ ಅಷ್ಟು ಚೆನ್ನಾಗಿ ಹಿಮ ಬಿದ್ದದ್ದನ್ನು ನಾನಂತೂ ಕಂಡಿಲ್ಲ.

ನಾನು ಎಂಜಿನ್ ಆರಿಸಿದೆ. ಮಕ್ಕಳು ಕುಣಿಯುತ್ತಿದ್ದರು. "ಅಗೇನ್, ಅಂಕಲ್! ಅಗೇನ್!"

ಹೆಂಡತಿ ಕೂದಲಿನಿಂದ ಹುಲ್ಲು ತೆಗೆಯುತ್ತಾ ನನ್ನನ್ನೇ ನೋಡಿದಳು. ಬೈಗುಳಕ್ಕೆ ತಯಾರಾದೆ. ಅವಳು ಮಕ್ಕಳ ಕಡೆ ತಿರುಗಿ, "ಕನ್ನಡದಲ್ಲಿ ಕೇಳಿ, ಮಾಡ್ತಾರೆ" ಅಂದಳು.

ಮಕ್ಕಳು ಒಬ್ಬರನ್ನೊಬ್ಬರು ಮುಂದಕ್ಕೆ ತಳ್ಳಿದರು. ಕೊನೆಗೆ ಎಲ್ಲರಿಗಿಂತ ಚಿಕ್ಕ ಹುಡುಗಿ ತಡವರಿಸುತ್ತಾ, "ಇನ್ನೊಂದು ಸಲ... ಮಾಡಿ, ಅಂಕಲ್" ಅಂದಳು.

ಪಾಠ ಈಗ ಅವಕಾಡೊ ಮರದಡಿ ನಡೆಯುತ್ತದೆ, ಗ್ಯಾರೇಜು ಯಂತ್ರದ್ದು. ಅದರ ಅಲಗು ಬಿಚ್ಚಿಟ್ಟಿದ್ದೇನೆ. ಮಕ್ಕಳಿರುವ ಮನೆಯಲ್ಲಿ ನೀವೂ ಹಾಗೇ ಮಾಡಿ. ಪಾಠದ ಕೊನೆಗೆ ಕನ್ನಡದಲ್ಲಿ ತಪ್ಪಿಲ್ಲದೆ ಕೇಳಿದವರಿಗಾಗಿ ಅದು ಒಂದು ನಿಮಿಷ ಗುಡುಗುತ್ತದೆ, ಕೊಳವೆಯ ಪಕ್ಕ ನಿಂತು ನಾನೇ ಒಂದು ಹಿಡಿ ಒಣ ಎಲೆ ತೂರುತ್ತೇನೆ. ಒಂದು ಮಗುವೂ ಈಜಿಗೆ ಹೋಗಿಲ್ಲ.

ಹೋದ ತಿಂಗಳು ಎಂಜಿನ್ ಬೇಕೆಂದು ಒಬ್ಬ ಗಿರಾಕಿ ಬಂದ. ಕೊಡುವುದಿಲ್ಲ ಅಂದೆ. ನನ್ನ ವರಸೆ ಬಲ್ಲವನು, ಇದೂ ಒಂದು ಪಟ್ಟು ಎಂದುಕೊಂಡು ಬೆಲೆ ಏರಿಸಿದ. ಮತ್ತೆ ಬೇಡ ಅಂದೆ, ಮತ್ತೆ ಏರಿಸಿದ. ಇಷ್ಟು ವರ್ಷದ ವ್ಯಾಪಾರದಲ್ಲಿ ಇಷ್ಟು ಚೆಂದದ ಚೌಕಾಸಿ ನನಗೆ ಒಲಿದಿರಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಗಿರಾಕಿಗೆ ಚಹಾ ಕುಡಿಸಿ, ಗೇಟಿನ ತನಕ ಹೋಗಿ ಬರಿಗೈಲೇ ಕಳಿಸಿ ಬಂದೆ.