ರೂತಮ್ಮನ ಗೋರಿ ಅಳೆದ ದಿನ

೧೯೩೬ರಲ್ಲಿ ನಾನು ಧಾರವಾಡದ ಮೋಜಣಿ ಕಚೇರಿಯಲ್ಲಿ ಸರ್ವೇಯರ್ ಆಗಿದ್ದೆ. ಹೊಲದ ಬದು, ಊರಿನ ಗಡಿ, ಅಣ್ಣತಮ್ಮಂದಿರ ಪಾಲು, ಎಲ್ಲವನ್ನೂ ಸರಪಳಿ ಹಿಡಿದು ಅಳೆದು ನಕಾಶೆ ಬರೆದುಕೊಡುವುದು ನನ್ನ ಕೆಲಸ. ನೌಕರಿಗೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ನನ್ನ ಅಳತೆಯ ಮೇಲೆ ಹೋದ ಅಪೀಲು ಒಂದೂ ನಿಂತಿರಲಿಲ್ಲ. ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುತ್ತಿತ್ತು, ಸೊಕ್ಕು ಅದರ ಪಕ್ಕದಲ್ಲೇ ಮನೆ ಮಾಡಿತ್ತು.

ಆ ವರ್ಷ ಜನವರಿಯಲ್ಲಿ ಹುಬ್ಬಳ್ಳಿಯ ಒಂದು ಕ್ರೈಸ್ತ ಸ್ಮಶಾನದ ತಕರಾರು ನನ್ನ ಮೇಜಿಗೆ ಬಂತು. ಬೆಂಗೇರಿಯ ದಾರಿಯಲ್ಲಿದ್ದ ಆ ಜಾಗವನ್ನು ಎರಡು ಪಂಗಡದವರು ಹಂಚಿಕೊಂಡಿದ್ದರು. ಒಬ್ಬರು ಆಂಗ್ಲಿಕನ್ನರು, ಅಂದರೆ ಬಿಷಪ್ಪರ ಆಡಳಿತಕ್ಕೆ ಒಳಪಟ್ಟ, ಆಳುವ ದೊರೆಗಳ ಚರ್ಚಿನವರು. ಇನ್ನೊಬ್ಬರು ಕಾಂಗ್ರಿಗೇಷನಲ್ ಸಭೆಯವರು. ಇವರಿಗೆ ಬಿಷಪ್ ಇಲ್ಲ. ಸಭೆಯ ಜನ ಕೂಡಿ ತಮ್ಮ ಬೋಧಕನನ್ನು ತಾವೇ ಆರಿಸಿಕೊಳ್ಳುತ್ತಾರೆ. ಬಳ್ಳಾರಿ ಕಡೆಯಿಂದ ರೈಲ್ವೆ ಕೆಲಸಕ್ಕೆ ಬಂದ ಮಂದಿಯೇ ಅದರಲ್ಲಿ ಹೆಚ್ಚು. ಉತ್ತರದ ಗೋಡೆಯಿಂದ ಎಂಟು ಸರಪಳಿ ದೂರದವರೆಗಿನ ನೆಲವನ್ನು ಹಿಂದೊಮ್ಮೆ ಬಿಷಪ್ಪರು ಪ್ರಾರ್ಥನೆ ಮಾಡಿ ಪವಿತ್ರಗೊಳಿಸಿದ್ದರು. ಅದರೊಳಗೆ ಆಂಗ್ಲಿಕನ್ ಪಾದ್ರಿಯನ್ನು ಬಿಟ್ಟು ಬೇರೆ ಯಾರೂ ಶವಸಂಸ್ಕಾರದ ಪ್ರಾರ್ಥನೆ ಓದುವಂತಿರಲಿಲ್ಲ. ದಕ್ಷಿಣಕ್ಕೆ ಉಳಿದ ತುಣುಕು ಸಭೆಯವರದು. ನಡುವಿನ ಬೇಲಿ ಎಂದೋ ಹಾಳಾಗಿತ್ತು.

ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಸಮುವೇಲಪ್ಪನ ಹೆಂಡತಿ ರೂತಮ್ಮ ಹಿಂದಿನ ತಿಂಗಳು ಜ್ವರದಿಂದ ತೀರಿಕೊಂಡಿದ್ದಳು. ಆಕೆ ಹುಟ್ಟಿದ್ದು ಆಂಗ್ಲಿಕನ್ ಮನೆಯಲ್ಲಿ. ತಾನೇ ಮನಸ್ಸು ಮಾಡಿ ಆ ಚರ್ಚು ಬಿಟ್ಟು ಸಭೆಗೆ ಸೇರಿದ್ದಳು. ಅಂದಿನಿಂದ ತವರಿನ ಬಾಗಿಲು ಮುಚ್ಚಿತ್ತು. ಸಭೆಯ ಬೋಧಕರೇ ಆಕೆಯನ್ನು ಮಣ್ಣು ಮಾಡಿದ್ದರು. ಗೋರಿ ತಮ್ಮ ನೆಲದಲ್ಲಿದೆ ಎಂದು ಆಂಗ್ಲಿಕನ್ ಪಾದ್ರಿ ಸಾಹೇಬರು ಕಲೆಕ್ಟರರಿಗೆ ಬರೆದರು. ಒಂದೋ ತಾವು ಹೊಸದಾಗಿ ಸಂಸ್ಕಾರ ಓದಿ ಆಕೆಯ ಹೆಸರನ್ನು ತಮ್ಮ ಚರ್ಚಿನ ರಿಜಿಸ್ಟರಿಗೆ ಸೇರಿಸಬೇಕು, ಇಲ್ಲವೇ ಹೆಣವನ್ನು ಅಲ್ಲಿಂದ ತೆಗೆಯಬೇಕು ಎಂಬುದು ಅವರ ಪಟ್ಟು.

ಮೊದಲನೆಯದಕ್ಕೆ ಸಮುವೇಲಪ್ಪ ಸುತರಾಂ ಒಪ್ಪಲಿಲ್ಲ. ನನ್ನೆದುರೇ ಹೇಳಿದ: “ಸಾಯೂ ಮುಂದ ನನ್ನ ಕೈ ಹಿಡದು ಹೇಳ್ಯಾಳ್ರಿ, ‘ನನ್ನ ಮತ್ತ ಅವರ ಕೈಯಾಗ ಕೊಡಬ್ಯಾಡ’ ಅಂತ.”

ಹೀಗಾಗಿ ಎಲ್ಲವೂ ಒಂದು ಗೆರೆಯ ಮೇಲೆ ನಿಂತಿತು. ಆ ಗೆರೆ ಎಳೆಯಬೇಕಾದವನು ನಾನು.

ನಮ್ಮ ಸರಪಳಿ ಮೂವತ್ಮೂರು ಅಡಿಯದು. ಹೊಲಗಳಲ್ಲಿ ಎಳೆದೆಳೆದು ಕೊಂಡಿಗಳು ಸವೆದರೆ ಅದು ಉದ್ದವಾಗುತ್ತದೆ. ಅದಕ್ಕೆಂದೇ ಕಚೇರಿಯ ಅಂಗಳದಲ್ಲಿ ಎರಡು ಕಲ್ಲು ಹುಗಿದಿದ್ದರು. ಅಳತೆಗೆ ಹೊರಡುವ ಮೊದಲು ಸರಪಳಿಯನ್ನು ಅವುಗಳ ನಡುವೆ ಹಾಸಿ ನೋಡಬೇಕು ಎಂಬುದು ನಿಯಮ. ಸ್ಮಶಾನ ಅಳೆಯಬೇಕಾದ ದಿನ ನಾನು ಕಚೇರಿಗೆ ಹೋಗದೆ ಮನೆಯಿಂದ ನೆಟ್ಟಗೆ ಸ್ಟೇಷನ್ನಿಗೆ ಹೋದೆ. ಎರೆ ಹೊಲದಲ್ಲಿ ವಾರವಿಡೀ ಎಳೆದಾಡಿದ ಸರಪಳಿ ಚೀಲದಲ್ಲಿತ್ತು. ಹೋದ ವಾರ ಸರಿಯಿದ್ದದ್ದು ಈ ವಾರ ಎಲ್ಲಿ ಹೋಗುತ್ತದೆ ಎಂದುಕೊಂಡೆ.

ಅಳೆದೆ. ಎಂಟನೆಯ ಸರಪಳಿಯ ತುದಿಗೆ ಗೂಟ ಬಡಿದು ಹಗ್ಗ ಎಳೆಸಿದೆ. ಗೋರಿಯ ಉತ್ತರದ ಮಗ್ಗುಲು ಹಗ್ಗದಿಂದ ಒಂಬತ್ತು ಇಂಚು ಆಚೆ, ಪಾದ್ರಿಗಳ ನೆಲದೊಳಗೆ ಬಿತ್ತು.

ಸಮುವೇಲಪ್ಪ ಹಗ್ಗವನ್ನೇ ನೋಡುತ್ತ ನಿಂತಿದ್ದ. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದ: “ಸಾಹೇಬ್ರ, ಇನ್ನೊಮ್ಮೆ ಅಳೀರಿ. ಕೈ ಮುಗೀತೇನಿ.”

ನಾನು ಸ್ಮಶಾನ ಮೆಟ್ಟಿದ್ದೆ. ಮನೆಗೆ ಹೋಗಿ ಸ್ನಾನ ಮಾಡದೆ ಊಟವಿಲ್ಲ. ಧಾರವಾಡದ ಗಾಡಿಗೆ ಹೊತ್ತಾಗಿತ್ತು, ಹೊಟ್ಟೆ ಚುರುಗುಡುತ್ತಿತ್ತು. ರೇಗಿಬಿಟ್ಟೆ.

“ಹದಿನಾಲ್ಕು ವರ್ಷ ಇದೇ ಕೆಲಸ ಮಾಡೇನಿ. ಮನಷ್ಯಾ ಸುಳ್ಳು ಹೇಳ್ಯಾನು, ಸರಪಳಿ ಹೇಳಂಗಿಲ್ಲ!”

ಸರಪಳಿ ಸುತ್ತಿ ಚೀಲಕ್ಕೆ ಹಾಕಿ ಗಾಡಿ ಹಿಡಿದೆ.

ನನ್ನ ನಕಾಶೆ ನೋಡಿ ಕಲೆಕ್ಟರರು ಕೊಟ್ಟ ಅಪ್ಪಣೆಯಂತೆ ಐದನೆಯ ದಿನ ಬೆಳಿಗ್ಗೆ ಹೆಣ ತೆಗೆದರು. ಗೆರೆ ತೋರಿಸಲು ನಾನೂ ಇರಬೇಕಾಯಿತು. ಕುಣಿಗೆ ಬೇರೆ ಯಾರನ್ನೂ ಇಳಿಯಗೊಡದೆ ಸಮುವೇಲಪ್ಪ ತಾನೇ ಇಳಿದ. ಪೆಟ್ಟಿಗೆಯನ್ನು ಅವನೇ ಕೂಡಿಸಿ ಮಾಡಿದ್ದನಂತೆ. ಆದರೂ ಹಸಿ ಮಣ್ಣಿನಲ್ಲಿ ಒಂದು ಹಲಗೆ ಬಿಟ್ಟಿತ್ತು. ಮೇಲೆತ್ತುವಾಗ ಆ ಸಂದಿಗೆ ತನ್ನ ಅಂಗೈ ಅಡ್ಡ ಹಿಡಿದುಕೊಂಡು, ಜಡ್ಡಿಗೆ ಬಿದ್ದವರನ್ನು ಸಮಾಧಾನ ಮಾಡುವ ದನಿಯಲ್ಲಿ, “ಸ್ವಲ್ಪ ತಡಕೋ ರೂತಿ, ಮುಗೀತು, ಇನ್ನ ಮುಗೀತು” ಅನ್ನುತ್ತಿದ್ದ. ಪಾದ್ರಿ ಸಾಹೇಬರು ಟೋಪಿ ತೆಗೆದು ಮುಖ ತಿರುಗಿಸಿದರು. ಅವರೂ ಮನುಷ್ಯರೇ ತಾನೆ. ದಕ್ಷಿಣದ ಗೋಡೆಯ ಬುಡದಲ್ಲಿ ಆಕೆಯನ್ನು ಎರಡನೆಯ ಸಲ ಹೂಳಿದರು.

ಎಂಟು ದಿನಗಳ ಮೇಲೆ ಬೇರೊಂದು ಕೆಲಸಕ್ಕೆ ಹೊರಟವನು, ಸ್ಮಶಾನ ಅಳೆದಂದಿನಿಂದ ಚೀಲದಲ್ಲೇ ಇದ್ದ ಸರಪಳಿಯನ್ನು ಕಚೇರಿಯ ಕಲ್ಲುಗಳ ನಡುವೆ ಹಾಸಿದೆ. ಒಂದೂವರೆ ಇಂಚು ಹೆಚ್ಚಿಗೆ ಬಂತು. ನನ್ನ ಕಣ್ಣನ್ನೇ ನಂಬದೆ ಮತ್ತೆ ಹಾಸಿದೆ. ಅಷ್ಟೇ ಬಂತು. ಎಂಟು ಸರಪಳಿಗೆ ಹನ್ನೆರಡು ಇಂಚು. ನಾನು ಬಡಿದ ಗೂಟ ಒಂದು ಅಡಿ ದಕ್ಷಿಣಕ್ಕೆ ಸರಿದುಹೋಗಿತ್ತು. ಒಂಬತ್ತು ಇಂಚು ಒಳಗೆ ಬಂದಿದೆ ಎಂದು ನಾನು ಬರೆದುಕೊಟ್ಟ ಗೋರಿ, ಖರೇ ನೋಡಿದರೆ, ಗೆರೆಯಿಂದ ಮೂರು ಇಂಚು ಈಚೆಗೆ, ತನ್ನ ನೆಲದಲ್ಲೇ ಇತ್ತು. ಅಂಗಳದಲ್ಲೇ ಕುಕ್ಕರಿಸಿ ಕುಳಿತುಬಿಟ್ಟೆ. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ!

ಆ ಭಾನುವಾರ ಸಮುವೇಲಪ್ಪನ ಮನೆ ಹುಡುಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಇದ್ದದ್ದನ್ನೆಲ್ಲ ಒದರಿಬಿಟ್ಟೆ. ಸರಪಳಿ ಬೆಳೆದಿತ್ತು, ನೋಡದೇ ಹೋದೆ, ತಪ್ಪು ಪೂರ್ತಿ ನನ್ನದು ಎಂದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

“ಮೂರು ಇಂಚು, ಅಲ್ಲೇನ್ರಿ?” ಅಂದ.

ನಾನಿನ್ನೂ ಆ ಲೆಕ್ಕ ಹೇಳಿರಲಿಲ್ಲ.

“ಕುಣಿ ತೋಡೂ ಮೊದಲ ವರ್ಕ್‌ಶಾಪಿನ ಸ್ಟೀಲ್ ಟೇಪ್ ಹಿಡದು ಗ್ವಾಡಿಯಿಂದ ಅಳದಿದ್ನಿ. ಆಕಿನ್ನ ಯಾರೂ ಎಬ್ಬಸಬಾರದು ಅಂತ ಗೆರಿಯಿಂದ ಮೂರು ಇಂಚು ಬಿಟ್ಟು ತೋಡ್ಸಿದ್ನಿ.”

“ಹಂಗಾದ್ರ ಅವತ್ತ ಯಾಕ ಹೇಳ್ಲಿಲ್ಲೋ ಮಾರಾಯಾ?”

“ಹೇಳಿದ್ನೆಲ್ರಿ, ಇನ್ನೊಮ್ಮೆ ಅಳೀರಿ ಅಂತ.”

ತಲೆ ತಗ್ಗಿಸಿ, ತಪ್ಪೊಪ್ಪಿಕೊಂಡು ಕಲೆಕ್ಟರರಿಗೆ ಬರೆಯುತ್ತೇನೆ ಎಂದೆ. ಆಗ ಮಾತ್ರ ಅವನ ದನಿ ಏರಿತು. “ಬ್ಯಾಡ್ರಿ! ನೀವು ಕಾಗದ ಬರದ್ರ ಇನ್ನೊಬ್ಬ ಸಾಹೇಬ ಬರ್ತಾನ, ಮತ್ತ ಅಳೀತಾನ. ಮಲಗ್ಲಿ ಬಿಡ್ರಿ ಆಕಿ.”

ನಾನು ಬರೆಯಲಿಲ್ಲ. ನನ್ನ ಸಹಿಯ ಆ ನಕಾಶೆ ಹಾಗೆಯೇ ದಫ್ತರ ಸೇರಿತು. ಆಮೇಲೆ ಹತ್ತೊಂಬತ್ತು ವರ್ಷ ನೌಕರಿ ಮಾಡಿದೆ. ಸರಪಳಿಯನ್ನು ನೋಡದೆ ಒಂದು ದಿನವೂ ಹೊರಬೀಳಲಿಲ್ಲ. ಎಂಥ ಜಗಳಗಂಟ ಬಂದು ಮತ್ತೆ ಅಳೆಯಿರಿ ಅಂದರೂ ಬಾಯಿ ಮುಚ್ಚಿಕೊಂಡು ಅಳೆದುಕೊಟ್ಟೆ. ಕೈ ಮುಗಿದು ಕೇಳುವವನಿಗೆ ಎಷ್ಟೋ ಸಲ ಉತ್ತರ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಹೇಳಲು ಧೈರ್ಯವಷ್ಟೇ ಇರುವುದಿಲ್ಲ ಎಂಬುದನ್ನು ನನಗೆ ಕಲಿಸಿದವನು ಸಮುವೇಲಪ್ಪ. ಪಾಠವೇನೋ ಕಲಿತೆ, ಆದರೆ ಅದಕ್ಕಾಗಿ ಒಬ್ಬ ಗಂಡ ತನ್ನ ಹೆಂಡತಿಯನ್ನು ಎರಡು ಸಲ ಮಣ್ಣು ಮಾಡಬೇಕಾಯಿತು.