ಕೋಟೆ ಹಿಂದಿನ ದಾರಿ

ಬೌರಿಂಗ್‌ಪೇಟೆ ಸಂತೆಯಿಂದ ಬೂದಿಕೋಟೆಗೆ ನೇರ ಗಾಡಿರಸ್ತೆಯಿದ್ದರೂ ಸೀಮೆ ಸೈಕಲ್ಲಿನ ಯಜಮಾನ ದೊಡ್ಡವೆಂಕಟಪ್ಪ ಗುಡ್ಡ ಸುತ್ತಿ ಹಳೇ ಕೋಟೆಯ ಹಿಂದಿನ ದಾರಿಯನ್ನೇ ಹಿಡಿಯುತ್ತಾನೆ. ಕೇಳಿದರೆ, "ಆ ಕಡೆ ಧೂಳಿಲ್ಲ, ನನ್ ಸೈಕಲ್ಲು ಮಾಸಾಕಿಲ್ಲ ಕಣ್ಲಾ" ಅನ್ನುತ್ತಾನೆ. ಬೀಗರಿಗೂ ಬೆಲ್ ಮುಟ್ಟಗೊಡದ, ಏರಿನಲ್ಲಿ ಸೈಕಲ್ಲಿಗೆ ಆಯಾಸವಾದೀತೆಂದು ಇಳಿದು ತಳ್ಳುವ, ಮಳೆ ಬಂದರೆ ಅದಕ್ಕೆ ಕಂಬಳಿ ಹೊದಿಸಿ ತಾನು ನೆನೆಯುವ ಆಸಾಮಿ ಅವನು. ಜನರ ಕಣ್ಣೆದುರು ಅವನು ಸೈಕಲ್ ಮೇಲೆ, ಹೆಂಡತಿ ಅಕ್ಕಯ್ಯಮ್ಮ ಬುಟ್ಟಿ ಹೊತ್ತು ಹತ್ತು ಮಾರು ಹಿಂದೆ. ಕೋಟೆಗೋಡೆಯ ಮರೆಗೆ ಬಂದದ್ದೇ ತಡ, ಬುಟ್ಟಿ ಅವನ ತಲೆಗೇರುತ್ತದೆ. ಅಕ್ಕಯ್ಯಮ್ಮ ಕಚ್ಚೆ ಬಿಗಿದು ಸೈಕಲ್ಲೇರುತ್ತಾಳೆ. ನರಪಿಳ್ಳೆಯಿಲ್ಲದ ಇಳಿಜಾರಿನಲ್ಲಿ ಬೆಲ್ ಮೊಳಗುತ್ತದೆ. "ಇಲ್ಲಿ ಯಾರವ್ರೆ ಅಂತ ಬೆಲ್ ಬಾರುಸ್ತೀಯಮ್ಮಿ?" ಅನ್ನುತ್ತಾನೆ ಅವನು. "ನೀನಿಲ್ವಾ? ಪಕ್ಕಕ್ಕೆ ಓಗು!" ಅನ್ನುತ್ತಾಳೆ ಅವಳು. ಸೀಮೆ ಸೈಕಲ್ಲಿನ ಯಜಮಾನ ಬುಟ್ಟಿ ಸಮೇತ ಪೊದೆಯೊಳಕ್ಕೆ ಸರಿದು, ಹಲ್ಲುಬಿಟ್ಟುಕೊಂಡು, ಯಜಮಾನಿಗೆ ದಾರಿ ಬಿಡುತ್ತಾನೆ.